ವಿಕ್ರೋಳಿಯ ಕಾರ್ಖಾನೆ, ಕಂಪನಿಯ ಮನೆ

ಮೊನ್ನೆ ತಂಗಿಯ ಮಗ ಮನೆಗೆ ಬಂದಿದ್ದ. ಐಟಿ ಕೆಲಸ. "ಹೇಗಿದೆಯೋ ಆಫೀಸು?" ಅಂತ ಕೇಳಿದೆ. "ಸಂಬಳ, ಕ್ಯಾಂಟೀನು, ಕ್ಯಾಬು ಎಲ್ಲಾ ಚೆನ್ನಾಗಿದೆ ಮಾವ. ಆದ್ರೆ ಲ್ಯಾಪ್‌ಟಾಪ್ ಮನೆಗೂ ಬರುತ್ತಲ್ಲ, ಅದೇ ಬೇಜಾರು" ಅಂದ. ಅವನು ಹೋದ ಮೇಲೆ ನನಗೆ ವಿಕ್ರೋಳಿ ನೆನಪಾಯಿತು. ಕೆಲಸ ಮನೆಯೊಳಗೆ ಬರುವುದು ಹೊಸ ವಿಷಯವೇನಲ್ಲ. ಅಲ್ಲಿ ಮನೆಯೇ ಕಂಪನಿಯದಾಗಿತ್ತು!

ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಬೀಗ ಮಾಡಲು ಶುರುಮಾಡಿದ್ದು ಲಾಲ್‌ಬಾಗ್‌ನಲ್ಲಿ. ತಮ್ಮ ಪಿರೋಜ್‌ಶಾ 1943ರಲ್ಲಿ ವಿಕ್ರೋಳಿಯ ಜಮೀನನ್ನು ಹರಾಜಿನಲ್ಲಿ ಕೊಂಡರು. ಆಗ ಅದು ಊರಾಚೆಯ ಜಾಗ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಖಾಡಿಯ ಕಾಂಡ್ಲಾ ಕಾಡು. ಅಲ್ಲಿ ಎದ್ದ ಕಾರ್ಖಾನೆಗೆ ಬಂದ ಮೊದಲ ದೊಡ್ಡ ಕೆಲಸ ಯಾವುದು ಗೊತ್ತೇ? ಸ್ವತಂತ್ರ ಭಾರತದ ಮೊದಲ ಮಹಾ ಚುನಾವಣೆಯ ಮತಪೆಟ್ಟಿಗೆ. 1951ರಲ್ಲಿ ಕೆಲವೇ ತಿಂಗಳಲ್ಲಿ 12 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆ ಇಲ್ಲಿಂದ ಹೊರಬಿದ್ದವು. ಹೊರಗಡೆ ಬೀಗ ಹಾಕಿದರೆ ಖರ್ಚು ಜಾಸ್ತಿಯಾಗುತ್ತಿತ್ತು. ಒಳಗೇ ಕೂರುವ ಬೀಗದ ಉಪಾಯ ಹೊಳೆದದ್ದು ನಾಥಾಲಾಲ್ ಪಂಚಾಲ್ ಎಂಬ ಕೆಲಸಗಾರನಿಗೆ. ಸಾಹೇಬರಿಗೆ ಹೊಳೆಯದ್ದು ಮಷಿನ್ ಮುಂದೆ ನಿಂತವನಿಗೆ ಹೊಳೆಯಿತು, ಅದನ್ನು ಕಂಪನಿ ಒಪ್ಪಿಕೊಂಡಿತು ಕೂಡ. ಕೆಲಸಗಾರನಿಗೆ ಸಂಬಳದಷ್ಟೇ ರುಚಿಸುವುದು ಇಂಥದ್ದು.

1955ರಲ್ಲಿ ಟೈಪ್‌ರೈಟರ್ ಬಂತು. ಇಡೀ ಏಷ್ಯಾದಲ್ಲೇ ಅಂಥ ಯಂತ್ರ ಮಾಡುವವರು ಆಗ ವಿರಳ. ಇವತ್ತಿನ ಮಾತಲ್ಲಿ ಹೇಳುವುದಾದರೆ ಅದು ಆ ಕಾಲದ ಹೈಟೆಕ್. ನಮ್ಮವರಿಗೂ ಅದಕ್ಕೂ ನಂಟಿತ್ತು. ಉಡುಪಿ, ಮಂಗಳೂರು ಕಡೆಯಿಂದ ಬಂದ ಹುಡುಗರು ಹಗಲು ಹೋಟೆಲಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಟೈಪಿಂಗ್-ಶಾರ್ಟ್‌ಹ್ಯಾಂಡ್ ಕಲಿತು ಆಫೀಸು ಸೇರುತ್ತಿದ್ದ ಕಾಲ ಅದು. ಕ್ಲಾಸಿನಲ್ಲಿ ಅವರು ಕುಟ್ಟುತ್ತಿದ್ದ ಯಂತ್ರಗಳಲ್ಲಿ ಎಷ್ಟೋ ಗೋದ್ರೇಜಿನವೇ.

ಕಾರ್ಖಾನೆಯ ಸುತ್ತ ಪಿರೋಜ್‌ಶಾನಗರ ಬೆಳೆಯಿತು. ಹಿಲ್‌ಸೈಡ್, ಸ್ಟೇಷನ್‌ಸೈಡ್, ಕ್ರೀಕ್‌ಸೈಡ್ ಎಂಬ ಕಾಲೊನಿಗಳು, 1955ರಲ್ಲಿ ಉದಯಾಚಲ ಶಾಲೆ, ಆಮೇಲೆ ಆಸ್ಪತ್ರೆ. ಮುಂಬಯಿಯಲ್ಲಿ ಒಂದೇ ಖೋಲಿಯಲ್ಲಿ ಎಂಟು ಜನ ಮಲಗಿದವರಿಗೆ ಇದರ ಬೆಲೆ ಗೊತ್ತು. ಮರದ ನೆರಳು, ನಲ್ಲಿಯಲ್ಲಿ ನೀರು, ಮಕ್ಕಳಿಗೆ ಶಾಲೆ... ಇನ್ನೇನು ಬೇಕು?

ಆದರೆ ಯಾವುದೇ ಕಂಪನಿಯ ಕ್ವಾರ್ಟರ್ಸ್ ಇರಲಿ, ಅದಕ್ಕೆ ಇನ್ನೊಂದು ಮುಖ ಇದ್ದೇ ಇರುತ್ತದೆ. ಮನೆ ನಿಂತಿರುವುದು ನೌಕರಿಯ ಮೇಲೆ. ರಿಟೈರ್ ಆದ ದಿನ ಸನ್ಮಾನದ ಶಾಲಿನ ಜೊತೆ ಮನೆ ಖಾಲಿ ಮಾಡುವ ಚಿಂತೆಯೂ ಬರುತ್ತದೆ. ಮೇಲಿನವರೊಂದಿಗೆ ಜಗಳವಾಡುವಾಗ ಮಕ್ಕಳ ಶಾಲೆ ಕಣ್ಣಮುಂದೆ ಬರುತ್ತದೆ. ಪಕ್ಕದ ಮನೆಯವನೇ ಸೂಪರ್‌ವೈಸರ್ ಆಗಿರಬಹುದು.

ಇಷ್ಟೆಲ್ಲ ಸೌಲಭ್ಯ ಇದ್ದಮೇಲೆ ತಂಟೆ ಇರಲಾರದು ಅಂದುಕೊಂಡರೆ ಅದು ತಪ್ಪು. 1972ರಲ್ಲಿ ಇದೇ ವಿಕ್ರೋಳಿಯಲ್ಲಿ ಕಾರ್ಮಿಕರ ಹೋರಾಟ ಹಿಂಸೆಗೆ ತಿರುಗಿತು. ಘಾಟ್ಕೋಪರಿನಲ್ಲಿ ಡಾಕ್ಟರಿಕೆ ಮಾಡಿಕೊಂಡಿದ್ದ ದತ್ತಾ ಸಾಮಂತ್ ಹೆಸರು ಕಾರ್ಖಾನೆಗಳಲ್ಲಿ ಕೇಳಿಬರತೊಡಗಿದ್ದು ಆ ವರ್ಷಗಳಲ್ಲೇ. ಹತ್ತು ವರ್ಷದ ನಂತರ 1982ರ ಗಿರಣಿ ಮುಷ್ಕರ ಅವರದೇ ನೇತೃತ್ವದಲ್ಲಿ ನಡೆದದ್ದು ನಿಮಗೆಲ್ಲ ನೆನಪಿರಬಹುದು. ಶಾಲೆ, ಆಸ್ಪತ್ರೆ ಕೊಟ್ಟವರ ಮುಂದೆಯೂ ಮನುಷ್ಯ ತನ್ನ ಮಾತಿಗೊಂದು ಜಾಗ ಕೇಳುತ್ತಾನೆ.

ಟೈಪ್‌ರೈಟರ್ ತಯಾರಿಕೆ 2009ರಲ್ಲಿ ನಿಂತಿತು. ಕಾರ್ಖಾನೆ ಮಾತ್ರ ನಿಲ್ಲಲಿಲ್ಲ. ಬೀಗ ಮಾಡಿದವರೇ ಇಸ್ರೋ ರಾಕೆಟ್ಟಿಗೆ ವಿಕಾಸ್ ಎಂಜಿನ್ ಮಾಡಿಕೊಟ್ಟರು. 2023ರಲ್ಲಿ ಚಂದ್ರಯಾನ-3 ಹಾರಿದಾಗ ವಿಕ್ರೋಳಿಯ ಕೆಲಸವೂ ಅದರಲ್ಲಿತ್ತು. 2024ರಲ್ಲಿ ಗೋದ್ರೇಜ್ ಕುಟುಂಬ ಪಾಲಾಯಿತು. ಈಗ ಅಲ್ಲೇ ಗಾಜಿನ ಆಫೀಸುಗಳೂ ಎದ್ದಿವೆ, ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಹುಡುಗರು ವಿಕ್ರೋಳಿ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ.

ಅವರಿಗೆ ಕ್ವಾರ್ಟರ್ಸ್ ಇಲ್ಲ. ಮನೆ ಸ್ವಂತದ್ದು, ಕಂತು ಬ್ಯಾಂಕಿನದ್ದು. ಹಳಬರು ಶಿಫ್ಟ್ ಮುಗಿದ ಕೂಡಲೇ ಕೆಲಸ ಬಿಟ್ಟು ಬರುತ್ತಿದ್ದರು, ಆದರೆ ಸೂರು ಕಂಪನಿಯದು. ನನ್ನ ಸೋದರಳಿಯನಿಗೆ ಸೂರು ತನ್ನದು, ಆದರೆ ರಾತ್ರಿ ಹನ್ನೊಂದರವರೆಗೆ ಹೊತ್ತು ಕಂಪನಿಯದು. ಯಾವುದು ಮೇಲು? ಮುಂದಿನ ಸಲ ಬಂದಾಗ ಅವನನ್ನೇ ಕೇಳಬೇಕು, ಅದೂ ಲ್ಯಾಪ್‌ಟಾಪ್ ಮುಚ್ಚಿಸಿ.