ಎತ್ತುವುದೂ ಹೊರುವುದೂ: ಜಮಖಂಡಿ ಸೀಮೆಯಲ್ಲಿ ಗಾಲಿ ಕಳಚುವ ಕ್ರಮದ ಚರಿತ್ರೆ

ನಾಡಿನ ಚರಿತ್ರೆಯನ್ನು ಬರೆಯುವವರು ರಾಜರ ವಂಶಾವಳಿಗೂ ಶಾಸನಗಳ ಪಾಠಕ್ಕೂ ಕೊಡುವ ಅವಧಾನವನ್ನು ದಿನಬಳಕೆಯ ಉಪಕರಣಗಳಿಗೆ ಕೊಡುವುದು ವಿರಳ. ಪ್ರಸ್ತುತ ಲೇಖನದ ವಸ್ತು ಅಂತಹ ಒಂದು ಸಣ್ಣ ಕಾರ್ಯ. ನೆಲಕ್ಕೆ ಭಾರ ಊರಿ ನಿಂತ ವಾಹನದ ಒಂದು ಗಾಲಿಯನ್ನು ನೆಲದಿಂದ ಬಿಡಿಸಿ, ಕಳಚಿ, ಮತ್ತೆ ಕೂಡಿಸುವುದೇ ಆ ಕಾರ್ಯ. ಚಕ್ಕಡಿಯ ಕಾಲದಿಂದ ಮೋಟಾರಿನ ಕಾಲದವರೆಗೆ ಅದರ ಸಾಧನಗಳು ಬದಲಾಗಿವೆ. ಆದರೆ ಕಾರ್ಯದ ಒಳಗೆ ಯಾವಾಗಲೂ ಎರಡು ಭಾಗಗಳುಂಟು. ಭಾರವನ್ನು ಎತ್ತುವುದು ಒಂದು, ಎತ್ತಿದ ಭಾರವನ್ನು ಹೊರುವುದು ಇನ್ನೊಂದು. ಚಕ್ಕಡಿಯವನು ಇವೆರಡನ್ನೂ ಬೇರೆ ಬೇರೆಯಾಗಿಯೇ ನಡೆಸುತ್ತಿದ್ದನು. ಜಾಕ್ ಬಂದ ಮೇಲೆ ಇವೆರಡೂ ಒಂದೇ ಎಂಬ ಭ್ರಮೆ ಹುಟ್ಟಿತು. ಹೊಸಬರ ತಪ್ಪುಗಳಲ್ಲಿ ಪ್ರಾಣಕ್ಕೆ ಎರವಾಗುವಂಥವು ಬಹುಮಟ್ಟಿಗೆ ಆ ಭ್ರಮೆಯಿಂದಲೇ ಬಂದವು ಎಂಬುದನ್ನು ಇಲ್ಲಿ ತೋರಿಸಲು ಪ್ರಯತ್ನಿಸಿದೆ.

೧. ಸೀಮೆ ಮತ್ತು ಸಾರಿಗೆ

ಇಂದಿನ ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗವು ಒಂದು ಕಾಲಕ್ಕೆ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಿತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ರಬಕವಿ ಸಾಂಗಲಿ ಸಂಸ್ಥಾನಕ್ಕೂ ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಗೂ ಸೇರಿದ್ದವು. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರ ನವೆಂಬರ್ ೧ರಂದು ಈ ಭಾಗವೆಲ್ಲ ವಿಶಾಲ ಮೈಸೂರು ರಾಜ್ಯವನ್ನು ಕೂಡಿತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ.

ಸಂಸ್ಥಾನದ ಕಾಲದಲ್ಲಿ ಜಮಖಂಡಿಗೆ ರೈಲು ಬಂದಿರಲಿಲ್ಲ. ಪಶ್ಚಿಮಕ್ಕೆ ಬೆಳಗಾವಿ-ಮೀರಜ ಮಾರ್ಗದ ಕುಡಚಿ, ಆಗ್ನೇಯಕ್ಕೆ ಬಾಗಲಕೋಟೆ, ಇವೇ ಸಮೀಪದ ನಿಲ್ದಾಣಗಳು. ಆದಕಾರಣ ರಬಕವಿ-ಬನಹಟ್ಟಿಗಳ ನೇಕಾರರ ನೂಲು ಮತ್ತು ಸೀರೆ, ಕೃಷ್ಣಾ-ಘಟಪ್ರಭಾ ತೀರಗಳ ಕಾಳುಕಡಿ, ಎಲ್ಲವೂ ಗಾಲಿಯ ಮೇಲೆಯೇ ಸಾಗಬೇಕಾಗಿದ್ದಿತು. ನೆಲವಾದರೋ ಬಹುಭಾಗ ಎರೆಮಣ್ಣಿನದು. ಬೇಸಗೆಯಲ್ಲಿ ಬಿರಿದು, ಮಳೆಗಾಲದಲ್ಲಿ ಉಬ್ಬಿ ಮೆತ್ತಗಾಗುವ ಈ ಮಣ್ಣು ಗಾಲಿಯನ್ನು ನುಂಗುವಂತೆಯೇ ಗಾಲಿಯನ್ನೆತ್ತಲು ಇಟ್ಟ ಸಾಧನವನ್ನೂ ನುಂಗುತ್ತದೆ. ಇದನ್ನು ಮುಂದಿನ ವಿವೇಚನೆಯಲ್ಲಿ ನೆನಪಿನಲ್ಲಿಡಬೇಕು.

೨. ಚಕ್ಕಡಿಯ ಕ್ರಮ

ಚಕ್ಕಡಿಯ ಗಾಲಿಯನ್ನು ಕಳಚುವ ಪ್ರಸಂಗ ಮುರಿದಾಗ ಮಾತ್ರ ಬರುತ್ತಿರಲಿಲ್ಲ. ಕೀಲೆಣ್ಣೆ ಹಾಕಬೇಕಾದಾಗಲೆಲ್ಲ ಬರುತ್ತಿತ್ತು. ಎತ್ತುಗಳ ಕೊರಳು ಬಿಡಿಸಿ, ನೊಗವನ್ನು ನೆಲಕ್ಕೆ ಊರಿಸಿ, ಎದುರು ಬದಿಯ ಗಾಲಿಗೆ ಹಿಂದೆ ಮುಂದೆ ಅಡ್ಡಗಲ್ಲು ಕೊಡುತ್ತಿದ್ದರು. ಬಳಿಕ ಇರಸಿನ ಕೆಳಗೆ ಗಟ್ಟಿ ಮರದ ಕೋಲು ಅಥವಾ ಹಾರೆ ಕೊಟ್ಟು ಮೀಟಿ, ಇರಸು ಎರಡು ಬೆರಳು ಮೇಲೆದ್ದೊಡನೆ ಇನ್ನೊಬ್ಬನು ಅದರಡಿಗೆ ಮರದ ಕೊರಡನ್ನೋ ಚಪ್ಪಟೆ ಕಲ್ಲನ್ನೋ ಸರಿಸುತ್ತಿದ್ದನು. ಮೀಟುಗೋಲನ್ನು ಹಿಂದೆಗೆದ ಮೇಲೆಯೇ ಕಡೆಗೀಲಿಗೆ ಕೈ ಹಾಕುವುದು.

ಈ ಕ್ರಮದಲ್ಲಿ ಗಮನಿಸಬೇಕಾದುದು ಮೀಟುಗೋಲಿನ ಸ್ವಭಾವ. ಅದು ಎತ್ತಬಲ್ಲುದು, ಆದರೆ ಕೈ ಬಿಟ್ಟೊಡನೆ ಭಾರ ಕೆಳಗಿಳಿಯುವುದು. ಹೀಗಾಗಿ ಆನಿಕೆಯಿಲ್ಲದೆ ಕೆಲಸವೇ ಸಾಗದು. ಸಾಧನದ ದೌರ್ಬಲ್ಯವೇ ಇಲ್ಲಿ ಮನುಷ್ಯನಿಗೆ ಎಚ್ಚರವನ್ನು ಕಲಿಸಿತು. ಗಾಲಿಗೆ ಅಡ್ಡ ಕೊಡುವ ತಿಳಿವಳಿಕೆಯಾದರೋ ಚಕ್ಕಡಿಯವರದಷ್ಟೇ ಅಲ್ಲ. ಜಾತ್ರೆಗಳಲ್ಲಿ ತೇರಿನ ಗಾಲಿಯಡಿಗೆ ಮರದ ತುಂಡು ಕೊಟ್ಟು ಅದರ ಓಟವನ್ನು ತಡೆಯುವವರು, ತಿರುಗಿಸುವವರು ಇದೇ ವಿದ್ಯೆಯನ್ನು ಸಹಸ್ರಾರು ಜನರ ಮುಂದೆ ಮೆರೆಯಿಸುತ್ತಾರೆ. ಊರಿನಲ್ಲಿ ಬೆಳೆದ ಹುಡುಗನಿಗೆ ಇದನ್ನು ಬೇರೆಯಾಗಿ ಬೋಧಿಸಬೇಕಾದ ಅಗತ್ಯವಿರಲಿಲ್ಲ.

೩. ಜಾಕಿನ ಪೂರ್ವಚರಿತ್ರೆ

ತಿರುಪಿನಿಂದ ಭಾರ ಎತ್ತುವ ಯುಕ್ತಿ ಯುರೋಪಿನಲ್ಲಿ ಮೋಟಾರಿಗಿಂತ ಬಹು ಹಳೆಯದು. ಹದಿಮೂರನೆಯ ಶತಮಾನದ ಫ್ರೆಂಚ್ ಕುಶಲಿ ವಿಲಾರ್ ದ ಒನ್‌ಕೂರ್ ಎಂಬಾತನ ಚಿತ್ರಪುಸ್ತಕದಲ್ಲಿ ಇಂತಹ ಯಂತ್ರವೊಂದರ ರೇಖಾಚಿತ್ರವಿದೆ. ಹಲ್ಲುಪಟ್ಟಿ ಮತ್ತು ಹಲ್ಲುಗಾಲಿಗಳ ಎತ್ತುಯಂತ್ರವನ್ನು ಲಿಯೊನಾರ್ಡೊ ದ ವಿಂಚಿ ಬರೆದು ತೋರಿಸಿದ್ದಾನೆ. ಅಮೆರಿಕದಲ್ಲಿ ಹದಿನೆಂಟನೆಯ ಶತಮಾನದ ಕಾನೆಸ್ಟೋಗಾ ಬಂಡಿಗಳೊಡನೆ ಇಂತಹ ಜಾಕ್ ಇರುತ್ತಿದ್ದಿತು. ಬಂಡಿಯವರು ಅದನ್ನು ಬಳಸುತ್ತಿದ್ದುದೂ ಗಾಲಿ ಕಳಚಿ ಜಿಡ್ಡು ಹಚ್ಚಲೆಂದೇ. ನಮ್ಮ ಕೀಲೆಣ್ಣೆಯ ಕೆಲಸಕ್ಕೂ ಇದಕ್ಕೂ ಭೇದವಿಲ್ಲ. ಪಾಸ್ಕಲನು ಸ್ಥಾಪಿಸಿದ ದ್ರವಗಳ ಒತ್ತಡದ ನಿಯಮವನ್ನು ಆಧರಿಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮನು ೧೭೯೫ರಲ್ಲಿ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದನು. ೧೮೫೧ರಲ್ಲಿ ರಿಚರ್ಡ್ ಡಜನ್ ಎಂಬವನು ಅದೇ ತತ್ತ್ವದ ಜಾಕಿಗೆ ಹಕ್ಕುಪತ್ರ ಪಡೆದನು.

ತಿರುಪು ಜಾಕಿನ ಬಲವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ೨೦೦ ಮಿಲಿಮೀಟರ್ ಉದ್ದದ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಕೈ ಸುಮಾರು ೧೨೫೦ ಮಿಲಿಮೀಟರ್ ಚಲಿಸುತ್ತದೆ. ಅಷ್ಟರಲ್ಲಿ ತಿರುಪು ೫ ಮಿಲಿಮೀಟರ್ ಮಾತ್ರ ಏರಿದರೆ ಬಲವು ತತ್ತ್ವತಃ ೨೫೦ ಪಟ್ಟಾಗುವುದು. ಆದರೆ ಇದರ ಅರ್ಧಕ್ಕಿಂತ ಹೆಚ್ಚು ಭಾಗ ಘರ್ಷಣೆಯಲ್ಲಿ ವ್ಯಯವಾಗುತ್ತದೆ. ಆ ನಷ್ಟವೇ ಇಲ್ಲಿ ಲಾಭ. ಘರ್ಷಣೆಯ ದೆಸೆಯಿಂದಲೇ ಕೈ ಬಿಟ್ಟರೂ ತಿರುಪು ಹಿಂದಕ್ಕೆ ತಿರುಗದೆ ನಿಲ್ಲುತ್ತದೆ. ಎಣ್ಣೆಯ ಜಾಕಿನಲ್ಲಿ ಭಾರ ನಿಲ್ಲುವುದು ಒಂದು ಸಣ್ಣ ಕವಾಟ ಮತ್ತು ರಬ್ಬರಿನ ಬಳೆಯ ಬಿಗಿಯಿಂದ. ಬಳೆ ಸವೆದರೆ ಭಾರ ಸದ್ದಿಲ್ಲದೆ ಇಳಿಯುತ್ತದೆ.

ಮೀಟುಗೋಲಿಗೂ ಜಾಕಿಗೂ ಇರುವ ಚಾರಿತ್ರಿಕ ಭೇದ ಇದೇ. ಮೀಟುಗೋಲು ತಾನು ಹೊರಲಾರೆನೆಂದು ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಜಾಕ್ ಮಾತ್ರ ಹೊತ್ತಂತೆ ನಿಲ್ಲುತ್ತದೆ. ಮೇಲಿನಿಂದ ಬರುವ ಭಾರವನ್ನು ಅದು ತಡೆದೀತು. ಪಕ್ಕದಿಂದ ಬರುವ ಒಂದು ನೂಕನ್ನು ಕಿರಿದಾದ ಅದರ ಪೀಠ ತಡೆಯಲಾರದು.

೪. ಮೋಟಾರು, ಸ್ಟೆಪ್ನಿ, ಕ್ಲೀನರ್

ಮೊದಮೊದಲ ಮೋಟಾರುಗಳ ಗಾಲಿಗಳನ್ನು ದಾರಿಯಲ್ಲಿ ಕಳಚುವುದು ಸುಲಭವಿರಲಿಲ್ಲ. ಗಾಲಿ ಅಲ್ಲಿಯೇ ಇರುವಂತೆ ಟೈರನ್ನು ಮಾತ್ರ ಬಿಚ್ಚಿ ತೇಪೆ ಹಾಕಬೇಕಾಗಿದ್ದಿತು. ವೇಲ್ಸ್ ದೇಶದ ಲಾನೆಲ್ಲಿ ಪಟ್ಟಣದ ಡೇವೀಸ್ ಸಹೋದರರು ೧೯೦೪ರಲ್ಲಿ ಗಾಳಿ ಹೋದ ಗಾಲಿಯ ಪಕ್ಕಕ್ಕೆ ಬಿಗಿಯುವ ಹೆಚ್ಚುವರಿ ಚೌಕಟ್ಟೊಂದನ್ನು ನಿರ್ಮಿಸಿದರು. ಅವರ ಅಂಗಡಿಯಿದ್ದ ಬೀದಿ ಸ್ಟೆಪ್ನಿ. ಆ ಬೀದಿಯ ಹೆಸರು ಇಂದು ಜಮಖಂಡಿಯ ಪಂಕ್ಚರ್ ಅಂಗಡಿಗಳಲ್ಲಿಯೂ ನಿತ್ಯದ ಮಾತು. ಇರಸು, ಕೀಲುಗಳ ಪಕ್ಕದಲ್ಲಿ ಜಾಕ್, ಸ್ಟೆಪ್ನಿ, ನಟ್ಟುಗಳು ಕುಳಿತ ಬಗೆ ನಮ್ಮ ಭಾಷೆಯ ಚರಿತ್ರೆಯಲ್ಲಿಯೂ ಒಂದು ಪುಟ. ಮುಂದೆ ನಟ್ಟು ಬಿಚ್ಚಿ ಇಡೀ ಗಾಲಿಯನ್ನೇ ಬದಲಿಸುವ ಪದ್ಧತಿ ಸಾರ್ವತ್ರಿಕವಾದಾಗ ಜಾಕ್ ಪ್ರತಿಯೊಂದು ವಾಹನದ ಒಡನಾಡಿಯಾಯಿತು.

ಆದರೂ ಬಹುಕಾಲ ಜಾಕ್ ಬಳಸಿದವರು ಕಲಿತವರೇ. ಬಸ್ಸು ಲಾರಿಗಳಲ್ಲಿ ಕ್ಲೀನರ್ ಎಂಬ ಹುಡುಗ ಡ್ರೈವರನ ಕೈಕೆಳಗೆ ವರುಷಗಟ್ಟಲೆ ದುಡಿದು, ಬೈಗುಳ ತಿಂದು, ಗಾಲಿ ಬದಲಿಸುವುದನ್ನು ಕಲಿಯುತ್ತಿದ್ದನು. ೧೯೫೦ರ ದಶಕದ ಉತ್ತರಾರ್ಧದಿಂದ ೨೦೧೪ರವರೆಗೆ ತಯಾರಾದ ಅಂಬಾಸಡರ್ ಕಾರುಗಳನ್ನು ಕೂಡ ಬಹುಮಟ್ಟಿಗೆ ಸಂಬಳದ ಡ್ರೈವರುಗಳೇ ನಡೆಸಿದರು. ೧೯೮೩ರ ಕೊನೆಗೆ ಮಾರುತಿ ೮೦೦ ರಸ್ತೆಗಿಳಿದ ಮೇಲೆ ಪರಿಸ್ಥಿತಿ ಬದಲಾಯಿತು. ಶಿಕ್ಷಕರು, ವ್ಯಾಪಾರಿಗಳು, ಗುಮಾಸ್ತರು ತಾವೇ ಕಾರು ನಡೆಸತೊಡಗಿದರು. ಹಿಂಬದಿಯ ಪೆಟ್ಟಿಗೆಯಲ್ಲಿ ಕತ್ತರಿಯಾಕಾರದ ಸಣ್ಣ ಜಾಕ್ ಬಂದಿತು. ಅದನ್ನು ಕಲಿಸುವ ಗುರು ಬರಲಿಲ್ಲ. ಸಾಧನ ಉಳಿದು ಸಂಪ್ರದಾಯ ಕಳಚಿಹೋದ ಈ ಸಂಧಿಕಾಲದಲ್ಲಿಯೇ ಹೊಸಬರ ತಪ್ಪುಗಳ ಮೂಲವನ್ನು ಹುಡುಕಬೇಕು.

೫. ಹೊಸಬರ ತಪ್ಪುಗಳು ಮತ್ತು ಅವುಗಳ ಪರಿಹಾರ

ಮೊದಲನೆಯದು ನೆಲದ ತಪ್ಪು. ಗಾಳಿ ಹೋದಲ್ಲಿಯೇ ವಾಹನವನ್ನು ನಿಲ್ಲಿಸಿ ರಸ್ತೆಯ ಅಂಚಿನ ಎರೆಮಣ್ಣಿನಲ್ಲಿ ಜಾಕ್ ಇಡುವುದುಂಟು. ಕಾರಿನ ಭಾರ ೧೦೦೦ ಕಿಲೋಗ್ರಾಮೆಂದು ಇಟ್ಟುಕೊಂಡರೆ ಒಂದು ಗಾಲಿಯ ಪಾಲಿಗೆ ಸುಮಾರು ೨೫೦ ಕಿಲೋ ಬರುತ್ತದೆ. ಅಷ್ಟೂ ಭಾರ ಅಂಗೈಯಗಲದ ಪೀಠದ ಮೇಲೆ ಕುಳಿತಾಗ ಪೀಠ ಮಣ್ಣಿನಲ್ಲಿ ಇಳಿದು ಓರೆಯಾಗುತ್ತದೆ. ಸಮತಟ್ಟಾದ ಗಟ್ಟಿ ನೆಲದವರೆಗೆ ಮೆಲ್ಲನೆ ಸಾಗುವುದು ಲೇಸು. ಅದರಿಂದ ಟೈರು ಕೆಟ್ಟರೂ ಪ್ರಾಣ ಉಳಿದೀತು. ಅದು ಸಾಧ್ಯವಿಲ್ಲದಲ್ಲಿ ಜಾಕಿನಡಿಗೆ ಅಗಲವಾದ ದಪ್ಪ ಹಲಗೆ ಬೇಕು.

ಎರಡನೆಯದು ಗಾಲಿಗೆ ಅಡ್ಡ ಕೊಡದಿರುವುದು. ಕೈಬ್ರೇಕು ಹಾಕಿದೆ, ಗೇರಿನಲ್ಲಿದೆ, ಇನ್ನೇನು ಎಂಬುದು ಹೊಸಬರ ನಂಬಿಕೆ. ಕೈಬ್ರೇಕು ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗಳನ್ನು ಮಾತ್ರ ಹಿಡಿಯುತ್ತದೆ. ಹಿಂದಿನ ಒಂದನ್ನು ಎತ್ತಿದರೆ ಅದರ ಅರ್ಧ ಬಲ ಹೋಯಿತು. ಗೇರಿನ ಹಿಡಿತವಾದರೋ ಎಂಜಿನ್ ನಡೆಸುವ ಎರಡು ಗಾಲಿಗಳ ಮೂಲಕ ಬರುವಂಥದು. ಅವುಗಳಲ್ಲಿ ಒಂದನ್ನು ಎತ್ತಿದೊಡನೆ ನಡುವಣ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಏರ್ಪಾಡಿನಿಂದಾಗಿ ಎತ್ತಿದ ಗಾಲಿ ಗಾಳಿಯಲ್ಲಿ ತಿರುಗಿ, ನೆಲದ ಮೇಲಿನ ಗಾಲಿ ಬಿಡುಗಡೆ ಹೊಂದುತ್ತದೆ. ಕೈಬ್ರೇಕು, ಗೇರು ಎರಡನ್ನೂ ಹಾಕಿ, ಎತ್ತುವ ಗಾಲಿಗೆ ಕರ್ಣದ ಎದುರಿನಲ್ಲಿರುವ ಗಾಲಿಗೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಬೇಕು. ಚಕ್ಕಡಿಯ ಅಡ್ಡಗಲ್ಲು ಇಲ್ಲಿ ಮರಳಿ ಬಂದಿತು.

ಮೂರನೆಯದು ನಟ್ಟುಗಳ ತಪ್ಪು. ವಾಹನ ಮೇಲೆದ್ದ ಬಳಿಕ ಬಿಗಿದ ನಟ್ಟುಗಳನ್ನು ಬಿಚ್ಚಲು ಬಲವಾಗಿ ಜಗ್ಗಿದರೆ ಆ ಜಗ್ಗಾಟವೇ ಜಾಕನ್ನು ಪಕ್ಕಕ್ಕೆ ಬೀಳಿಸುತ್ತದೆ. ಗಾಲಿ ನೆಲದಲ್ಲಿರುವಾಗಲೇ ಪ್ರತಿಯೊಂದು ನಟ್ಟನ್ನೂ ಅರ್ಧ ಸುತ್ತು ಸಡಿಲಿಸಿ, ಅನಂತರ ಎತ್ತಬೇಕು. ಕೂಡಿಸುವಾಗ ನಟ್ಟಿನ ಓರೆ ಮುಖ ಒಳಗಿರುವಂತೆ ಕೈಯಿಂದ ತಿರುಗಿಸಿ, ಒಂದರ ಎದುರಿನದನ್ನು ಇನ್ನೊಂದರಂತೆ ಅಡ್ಡಡ್ಡಲಾಗಿ ಬಿಗಿದು, ವಾಹನವನ್ನು ಇಳಿಸಿದ ಮೇಲೆ ಕೊನೆಯ ಬಿಗಿ ಕೊಡಬೇಕು. ಕೆಲವು ಮೈಲಿ ಸಾಗಿದ ಬಳಿಕ ಮತ್ತೊಮ್ಮೆ ಪರೀಕ್ಷಿಸುವುದು ಉಚಿತ.

ನಾಲ್ಕನೆಯದು ಎಡೆ ತಪ್ಪಿ ಎತ್ತುವುದು. ಚಕ್ಕಡಿಗೆ ಇರಸೊಂದೇ ಆಧಾರವಾದ್ದರಿಂದ ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕಾರಿನ ಅಡಿಯಲ್ಲಾದರೋ ತೆಳು ತಗಡು, ಎಣ್ಣೆಯ ತೊಟ್ಟಿ, ಕೊಳವೆಗಳು ಇರುತ್ತವೆ. ಬಾಗಿಲ ಕೆಳಗಿನ ಅಂಚಿನಲ್ಲಿ, ಗಾಲಿಯ ಸಮೀಪ, ಜಾಕಿಗೆಂದೇ ಗಟ್ಟಿಗೊಳಿಸಿದ ಎಡೆಯನ್ನು ವಾಹನದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಎತ್ತುವ ಮುನ್ನ ಒಳಗೆ ಕುಳಿತವರೆಲ್ಲರೂ ಇಳಿಯಬೇಕು. ಗಾಳಿ ತುಂಬಿದ ಸ್ಟೆಪ್ನಿ ಹಿಡಿಯುವಷ್ಟು ಎತ್ತರ ಸಾಕು. ಎತ್ತರ ಹೆಚ್ಚಿದಷ್ಟೂ ಅಸ್ಥಿರತೆ ಹೆಚ್ಚು.

ಐದನೆಯದು ಎಲ್ಲಕ್ಕಿಂತ ಘೋರವಾದುದು. ಜಾಕಿನ ಮೇಲೆ ಮಾತ್ರ ನಿಂತ ವಾಹನದ ಕೆಳಗೆ ತಲೆ ತೂರಿಸುವುದೇ ಆ ತಪ್ಪು. ಬಿದ್ದ ನಟ್ಟನ್ನು ಹುಡುಕಲೆಂದು, ಎಣ್ಣೆ ಎಲ್ಲಿ ಸೋರುತ್ತದೆಂದು ನೋಡಲೆಂದು, ಒಂದೇ ಕ್ಷಣವೆಂದು ಜನ ಕೆಳಗೆ ನುಸುಳುತ್ತಾರೆ. ದಾರಿಯಲ್ಲಿ ಗಾಲಿ ಬದಲಿಸುವವನು ಕಳಚಿದ ಗಾಲಿಯನ್ನೋ ಸ್ಟೆಪ್ನಿಯನ್ನೋ ಬಾಗಿಲ ಅಂಚಿನ ಕೆಳಗೆ ಮಲಗಿಸಿಡುವುದು ಒಳ್ಳೆಯ ಪದ್ಧತಿ. ಜಾಕ್ ಜಾರಿದರೂ ವಾಹನ ಅದರ ಮೇಲೆ ಕುಳಿತೀತು. ಆದರೆ ಅದು ಕೆಳಗೆ ನುಸುಳಲು ಅಪ್ಪಣೆಯಲ್ಲ. ಕೆಳಗೆ ಕೆಲಸವಿದ್ದರೆ ಗ್ಯಾರೇಜಿನವರು ಬಳಸುವ ಉಕ್ಕಿನ ಸ್ಟ್ಯಾಂಡುಗಳ ಮೇಲೆ ಭಾರವನ್ನು ಇಳಿಸಿ, ವಾಹನವನ್ನು ಮೆಲ್ಲನೆ ಅಲುಗಾಡಿಸಿ ನೋಡಿದ ಮೇಲೆಯೇ ಒಳಹೋಗಬೇಕು. ಇಟ್ಟಿಗೆಯೂ ಪೊಳ್ಳು ಸಿಮೆಂಟಿನ ಗಟ್ಟಿಯೂ ಭಾರ ಹೊತ್ತಂತೆ ಕಂಡು, ಮುನ್ಸೂಚನೆಯಿಲ್ಲದೆ ಒಮ್ಮೆಲೇ ಒಡೆಯುತ್ತವೆ. ಅವುಗಳನ್ನು ಸರ್ವಥಾ ಬಳಸಬಾರದು.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಗ್ಯಾರೇಜಿನ ಉಕ್ಕಿನ ಸ್ಟ್ಯಾಂಡು ಹೊಸ ಕಲ್ಪನೆಯಲ್ಲ. ಇರಸಿನ ಕೆಳಗೆ ಸರಿಸುತ್ತಿದ್ದ ಮರದ ಕೊರಡು ಮಾಡುತ್ತಿದ್ದುದನ್ನೇ ಅದೂ ಮಾಡುತ್ತದೆ. ಎರಡನೆಯದಾಗಿ, ಹೊಸಬರ ತಪ್ಪನ್ನು ಕೇವಲ ಅವರ ಅಜಾಗರೂಕತೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಿರಿಯರ ಕೈಕೆಳಗೆ ಕಲಿಯುತ್ತಿದ್ದ ಕ್ರಮ ಕಡಿದುಹೋದಾಗ, ಸಾಧನವು ತಾನು ಮಾಡಲಾರದುದನ್ನು ಮಾಡುವಂತೆ ತೋರಿ ಅವರನ್ನು ವಂಚಿಸಿತು.

ಕಬ್ಬು ನುರಿಸುವ ಕಾಲದಲ್ಲಿ ಜಮಖಂಡಿ-ಮುಧೋಳಗಳ ರಸ್ತೆಗಳ ಮೇಲೆ ತುಂಬಿದ ಟ್ರೇಲರುಗಳು ರಾತ್ರಿಯೆಲ್ಲ ಸಾಗುತ್ತವೆ. ಗಾಳಿ ಹೋದಲ್ಲಿ ನಿಂತ ಟ್ರೇಲರಿನ ಪಕ್ಕದಲ್ಲಿ ಜಾಕ್ ಹಿಡಿದು ಕೂರುವವರಲ್ಲಿ ಹಲವರು ಎಳೆಯರು. ಅವರು ಎತ್ತಬೇಕಾದ ಭಾರ ಕಾರಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಕಾಲಡಿಯ ಮಣ್ಣು ಅದೇ ಎರೆ. ಜಾಕಿನೊಡನೆ ಒಂದು ದಪ್ಪ ಹಲಗೆ, ಎರಡು ಅಡ್ಡತುಂಡು, ಒಂದು ಗಟ್ಟಿ ಕೊರಡು ಪ್ರತಿಯೊಂದು ಬಂಡಿಯಲ್ಲಿಯೂ ಇರಬೇಕು. ಚಕ್ಕಡಿಯವರ ಬಳಿ ಇವು ಇದ್ದೇ ಇದ್ದವು.