ಕಳ್ಳಕಡಲು ಮತ್ತು ಬಂಡೆಯ ಮೇಲಿನ ಗಾಳ

ಕಾಮೋಠೆಯಿಂದ ಕಡಲು ಕಾಣುವುದಿಲ್ಲ. ಇಲ್ಲಿರುವುದು ಪನವೇಲ್ ಖಾಡಿಯ ಕೆಸರು, ಕಾಂಡ್ಲಾ ಗಿಡಗಳ ಸಾಲು. ಬಂಡೆಯ ಮೇಲೆ ನಿಂತು ಗಾಳ ಹಾಕುವ ಆಸೆಯುಳ್ಳವರು ಉರಣ್‌ಗೋ ಬಾಂದ್ರಾಕ್ಕೋ ಹೋಗಬೇಕು. ಊರಿಗೆ ಹೋದಾಗ ಕಾಪು, ಸೋಮೇಶ್ವರಗಳ ಬಂಡೆಗಳಿದ್ದೇ ಇವೆ.

ಮಳೆಗಾಲದಲ್ಲಿ ದೋಣಿ ಇಳಿಸಬಾರದೆಂಬುದು ಪಶ್ಚಿಮ ಕರಾವಳಿಯ ಹಳೆಯ ಕಟ್ಟಳೆ. ಶ್ರಾವಣದ ಹುಣ್ಣಿಮೆಯಂದು ಇಲ್ಲಿನ ಕೋಲಿಗಳು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ನಮ್ಮ ಮೊಗವೀರರು ಸಮುದ್ರಪೂಜೆ ಮಾಡಿ ಹಾಲೆರೆಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಸರ್ಕಾರಿ ನಿಷೇಧ ಮೀನಿನ ಸಂತಾನದ ಹೆಸರಿನಲ್ಲಿ ಬಂದದ್ದಾದರೂ ದೋಣಿಯವರ ಜೀವವನ್ನೂ ಕಾಯುತ್ತದೆ. ಬಂಡೆಯ ಮೇಲೆ ನಿಂತವನಾದರೋ ದೋಣಿಯವನೂ ಅಲ್ಲ, ದಡದವನೂ ಅಲ್ಲ. 1901ರಲ್ಲಿ ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದುನಿಂತಿತು. ಅದು ಬೆಳಗಿದ್ದು ದೂರದ ಹಡಗುಗಳಿಗಾಗಿ. ಅದೇ ಬಂಡೆಯ ಅಂಚಿನಲ್ಲಿ ಗಾಳ ಹಿಡಿದವನಿಗೆ ಅದರಿಂದ ಆದ ಉಪಕಾರ ಅಷ್ಟಕ್ಕಷ್ಟೇ.

ಅವನ ಅಪಾಯಕ್ಕೆ ಸರಿಯಾದ ಹೆಸರಿಟ್ಟವರು ಕೇರಳದ ಮೀನುಗಾರರು: ಕಳ್ಳಕ್ಕಡಲ್. ಕನ್ನಡಿಗರಿಗೆ ಅನುವಾದವೇ ಬೇಡ. ಗಾಳಿಯಿಲ್ಲ, ಮೋಡವಿಲ್ಲ, ಮಳೆಗಾಲಕ್ಕೆ ಇನ್ನೂ ದಿನಗಳಿವೆ. ಆದರೂ ಕಡಲು ಕಳ್ಳನಂತೆ ಏರಿ ಬರುತ್ತದೆ. ಅದರ ಹುಟ್ಟು ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗಳಲ್ಲಿ. ಅಲ್ಲೆದ್ದ ಉದ್ದನೆಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ, ಕೆಲವು ದಿನಗಳ ಮೇಲೆ ನಮ್ಮ ತೀರ ಮುಟ್ಟುತ್ತವೆ. ಇಂಥ ಅಲೆಗಳು ಗುಂಪುಗುಂಪಾಗಿ ಬರುತ್ತವೆ, ನಡುವೆ ಬಿಡುವಿರುತ್ತದೆ. ಆ ಬಿಡುವನ್ನೇ ಶಾಂತಿಯೆಂದು ನಂಬಿ ಗಾಳದವನು ಪಾಚಿ ಹಿಡಿದ ಕೆಳಬಂಡೆಗೆ ಇಳಿಯುತ್ತಾನೆ. ಪಾಚಿ ಬೆಳೆದಿದೆಯೆಂದರೆ ನೀರು ಅಲ್ಲಿಯವರೆಗೆ ಬಂದೇ ಬರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

2012ರಲ್ಲಿ ಯುನೆಸ್ಕೋ ಈ ಮೀನುಗಾರರ ಮಾತನ್ನೇ ಶಾಸ್ತ್ರದ ಪದವಾಗಿ ಒಪ್ಪಿತು. ವಿದ್ವಾಂಸರು ಬೆಸ್ತರಿಂದ ಪದ ಪಡೆದ ಇಂಥ ನಿದರ್ಶನಗಳು ನಮ್ಮಲ್ಲಿ ವಿರಳ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯವಂತೂ ಬಂಡೆಯ ಗಾಳಗಾರರಿಗಾಗಿಯೇ 2016ರಲ್ಲಿ ಕಾನೂನು ತಂದು, ಗೊತ್ತುಪಡಿಸಿದ ಅಪಾಯದ ಜಾಗಗಳಲ್ಲಿ ಜೀವರಕ್ಷಕ ಅಂಗಿಯನ್ನು ಕಡ್ಡಾಯಗೊಳಿಸಿತು.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಈಗ ಕಳ್ಳಕಡಲಿನ ಮುನ್ಸೂಚನೆಯನ್ನು ಮೊದಲೇ ಪ್ರಕಟಿಸುತ್ತದೆ. ಗಾಳದ ಕೋಲು ಹೆಗಲಿಗೇರಿಸಿ ಹೊರಡುವ ಹವ್ಯಾಸಿ ಮಾತ್ರ ಇನ್ನೂ ಆಕಾಶವನ್ನಷ್ಟೇ ನೋಡಿ ಹೊರಡುತ್ತಾನೆ.