ಅತಿ ಕಡಿಮೆ ರೇಟು ಹಾಕಿದವರಿಗೇ ಟೆಂಡರ್ ಸಿಗುತ್ತದೆಯೇ? ಒಣಕಸ ಘಟಕ ಕಟ್ಟುವ ಗುತ್ತಿಗೆಯ ಒಳಗುಟ್ಟು

ಊರಿಗೆ ಕಸ ಮರುಬಳಕೆ ಘಟಕ ಬರುತ್ತದೆ ಎಂಬ ಸುದ್ದಿ ಹೊರಬಿದ್ದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಎರಡು ಸಾಲು ಓಡಾಡಲು ಶುರುವಾಗುತ್ತವೆ. ಒಂದು, ‘ಸರ್ಕಾರದಲ್ಲಿ ಯಾರು ಅತಿ ಕಡಿಮೆ ರೇಟು ಹಾಕುತ್ತಾರೋ ಅವರಿಗೇ ಕೆಲಸ, ಅದಕ್ಕೇ ಎಲ್ಲ ಕಳಪೆ.’ ಇನ್ನೊಂದು, ‘ಟೆಂಡರ್ ಬರೀ ನಾಟಕ, ಮೊದಲೇ ಫಿಕ್ಸ್ ಆಗಿರುತ್ತೆ.’ ಎರಡನ್ನೂ ಒಬ್ಬರೇ ಫಾರ್ವರ್ಡ್ ಮಾಡುವುದುಂಟು. ಎರಡೂ ಒಟ್ಟಿಗೆ ಪೂರ್ತಿ ನಿಜವಾಗುವುದು ಕಷ್ಟ ಎಂಬುದು ಯಾರ ಗಮನಕ್ಕೂ ಬಂದಂತಿಲ್ಲ. ಹಾಗಂತ ಎರಡೂ ಪೂರ್ತಿ ಸುಳ್ಳೂ ಅಲ್ಲ.

ಕಾನೂನು ಹೇಳುವುದೇನು?

ಕರ್ನಾಟಕದಲ್ಲಿ ಸರ್ಕಾರಿ ಇಲಾಖೆಗಳು, ಮಂಡಳಿಗಳು, ಸ್ಥಳೀಯ ಸಂಸ್ಥೆಗಳು ಕೆಲಸ ಮಾಡಿಸುವುದು 1999ರ ‘ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ’ದ ಅಡಿಯಲ್ಲಿ. ಗುತ್ತಿಗೆದಾರರ ಬಾಯಲ್ಲಿ ಇದು ಕೆಟಿಪಿಪಿ ಕಾಯ್ದೆ. ಕಡಿಮೆ ದರಕ್ಕೇ ಆದ್ಯತೆ ಎಂಬುದು ನಿಜ. ಆದರೆ ಟೆಂಡರ್ ದಾಖಲೆಯಲ್ಲಿ ಮೊದಲೇ ಬರೆದಿಟ್ಟ ಮಾನದಂಡಗಳನ್ನು ದಾಟಿದವರ ನಡುವೆ ಮಾತ್ರ.

ದೊಡ್ಡ ಕೆಲಸಗಳಿಗೆ ಸಾಮಾನ್ಯವಾಗಿ ‘ಎರಡು ಲಕೋಟೆ’ ಪದ್ಧತಿ ಇರುತ್ತದೆ. ಮೊದಲ ಲಕೋಟೆಯಲ್ಲಿ ಅನುಭವ, ವಾರ್ಷಿಕ ವಹಿವಾಟು, ಯಂತ್ರೋಪಕರಣದ ವಿವರ, ಇಎಂಡಿ ಎಂಬ ಮುಂಗಡ ಠೇವಣಿ. ಎರಡನೆಯದರಲ್ಲಿ ದರ. ಮೊದಲನೆಯದರಲ್ಲಿ ಫೇಲಾದವರ ಎರಡನೆಯ ಲಕೋಟೆಯನ್ನು ತೆರೆಯುವುದೇ ಇಲ್ಲ. ಈಗ ಎಲ್ಲವೂ ಆನ್‌ಲೈನ್, ಲಕೋಟೆ ಎಂಬ ಹೆಸರು ಮಾತ್ರ ಉಳಿದಿದೆ.

ಕಡಿಮೆ ದರವೊಂದನ್ನೇ ನೋಡುವುದು ಸಾಲದು ಎಂದು ಸರ್ಕಾರಕ್ಕೂ ಅನ್ನಿಸಿದೆ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ, ಕೇಂದ್ರದ ಆಯ್ದ ಕಾಮಗಾರಿಗಳಲ್ಲಿ ಗುಣಮಟ್ಟಕ್ಕೂ ಅಂಕ ಕೊಡಬಹುದು. ಆ ಅಂಕ ಗರಿಷ್ಠ ಶೇ 30, ಉಳಿದದ್ದು ದರಕ್ಕೆ.

ಹಾಗಾದರೆ ಘಟಕಗಳು ಕೆಡುವುದೇಕೆ?

ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ತೊಂದರೆ ಶುರುವಾಗುವುದು ದರ ತೆರೆಯುವ ದಿನವಲ್ಲ, ಟೆಂಡರ್ ದಾಖಲೆ ಬರೆಯುವ ದಿನ. ಶಾಲಾ ಕಟ್ಟಡಕ್ಕೆ ಬರೆದಂತೆ ಕಸದ ಘಟಕಕ್ಕೂ ಬರೆದರೆ ಸಿಗುವುದು ಒಂದು ಶೆಡ್ ಅಷ್ಟೇ.

ಒಂದು ಉದಾಹರಣೆ ನೋಡಿ. ‘ದಿನಕ್ಕೆ 10 ಟನ್ ಸಾಮರ್ಥ್ಯ’ ಎಂದು ಬರೆದಿದೆ. ದಿನ ಎಂದರೆ ಎಷ್ಟು ಗಂಟೆ? 8 ಗಂಟೆಯ ಒಂದು ಪಾಳಿ ಎಂದರೆ ಗಂಟೆಗೆ 1.25 ಟನ್ ಸಾಗಿಸುವ ಕನ್ವೇಯರ್ ಬೆಲ್ಟ್ ಬೇಕು. 16 ಗಂಟೆ ಎಂದರೆ ಅದರ ಅರ್ಧ ಸಾಕು. ಬರೆಯದಿದ್ದರೆ ಗುತ್ತಿಗೆದಾರ ಅಗ್ಗದ ಯಂತ್ರವನ್ನೇ ಲೆಕ್ಕ ಹಾಕುತ್ತಾನೆ. ಅವನು ಮೋಸ ಮಾಡಿದ ಎನ್ನುವಂತೆಯೂ ಇಲ್ಲ, ದಾಖಲೆಯಲ್ಲಿ ಇದ್ದದ್ದೇ ಅಷ್ಟು.

ಇನ್ನು ಜಾಗ. ಸಡಿಲವಾಗಿ ಸುರಿದ ಒಣಕಸ ಘನ ಮೀಟರಿಗೆ 100 ಕೆಜಿ ತೂಗುತ್ತದೆ ಎಂದೇ ಇಟ್ಟುಕೊಳ್ಳಿ. ಆಗ 10 ಟನ್ ಎಂದರೆ 10 ಮೀಟರ್ ಉದ್ದ, 5 ಮೀಟರ್ ಅಗಲ, 2 ಮೀಟರ್ ಎತ್ತರದ ರಾಶಿ. ಯಂತ್ರ ಎರಡು ದಿನ ನಿಂತರೆ ಎರಡು ರಾಶಿ. ಅದನ್ನು ಇಡಲು ಸೂರು ಇಲ್ಲದಿದ್ದರೆ ಮಳೆಗಾಲದಲ್ಲಿ ಕಾಗದ, ರಟ್ಟು ನೆನೆದು ಮಾರಲು ಬಾರದ ಹಾಗಾಗುತ್ತದೆ. ಪ್ಲಾಸ್ಟಿಕ್, ರಟ್ಟನ್ನು ಒತ್ತಿ ಕಟ್ಟುವ ಬೇಲಿಂಗ್ ಯಂತ್ರ ಭಾರಿ ತೂಕದ್ದು. ಅದನ್ನೂ ಲಾರಿ ಓಡಾಟವನ್ನೂ ತಡೆಯುವ ಕಾಂಕ್ರೀಟ್ ನೆಲ ಬೇಕು. ಲಾರಿ ಟಿಪ್ಪರ್ ಎತ್ತಿದರೆ ಛಾವಣಿಗೆ ತಾಗಬಾರದು. ಕಸದೊಳಗೆ ಬಂದುಬಿಡುವ ಹಳೆಯ ಮೊಬೈಲ್ ಬ್ಯಾಟರಿ ಜಜ್ಜಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಆದ್ದರಿಂದ ನೀರಿನ ಟ್ಯಾಂಕು, ಅಗ್ನಿಶಾಮಕ ಪೈಪು ಅಲಂಕಾರವಲ್ಲ. ಒಳಗೆ ನಿಂತು ಕಸ ಆಯುವವರ ಪ್ರಾಣದ ಪ್ರಶ್ನೆ. ಇವೆಲ್ಲ ದಾಖಲೆಯ ಬಿಒಕ್ಯೂ ಎಂಬ ಪಟ್ಟಿಯಲ್ಲಿ ಒಂದೊಂದು ಸಾಲಾಗಿ, ಅಳತೆ ಸಮೇತ ಇರಬೇಕು. ಪಟ್ಟಿಯಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸಿದರೆ ಅದು ‘ಹೆಚ್ಚುವರಿ ಕೆಲಸ’. ಅದಕ್ಕೆ ಪೈಪೋಟಿಯ ದರ ಸಿಗುವುದಿಲ್ಲ.

ಇನ್ನೊಂದು ಎಡವಟ್ಟೂ ಇದೆ. ಕಟ್ಟಡಕ್ಕೆ ಒಂದು ಟೆಂಡರ್, ಯಂತ್ರಕ್ಕೆ ಬೇರೊಂದು ಕರೆದರೆ, ಕಟ್ಟಡ ಮುಗಿದ ಮೇಲೂ ಯಂತ್ರದ ಟೆಂಡರ್‌ಗೆ ಯಾರೂ ಬಾರದೇ ಇರಬಹುದು. ಅದಕ್ಕೇ ಕೆಲವು ಕಡೆ ಕಟ್ಟುವುದು, ಯಂತ್ರ ಕೂರಿಸುವುದು, ಕೆಲವು ವರ್ಷ ನಡೆಸುವುದು ಮೂರನ್ನೂ ಒಂದೇ ಗುತ್ತಿಗೆಯಲ್ಲಿ ಕೊಡುತ್ತಾರೆ. ತಾನೇ ನಡೆಸಬೇಕಾದ ಯಂತ್ರವನ್ನು ಯಾರೂ ಕಳಪೆಯಾಗಿ ಕೂರಿಸಲಾರರು. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿರುವಂತೆ ಹಲವು ಪಂಚಾಯಿತಿಗಳ ಒಣಕಸ ಒಂದೇ ಕಡೆ ಬರುವ ಘಟಕಗಳಲ್ಲಿ, ನಡೆಸುವವರು ಯಾರು ಎಂಬ ಪ್ರಶ್ನೆ ಕಟ್ಟುವವರು ಯಾರು ಎಂಬುದಕ್ಕಿಂತ ಸಣ್ಣದಲ್ಲ.

‘ಫಿಕ್ಸ್’ ಆಗಿದೆ ಎಂದು ಗೊತ್ತಾಗುವುದು ಹೇಗೆ?

ಅನುಮಾನ ಬರುವಂಥ ಕೆಲವು ಗುರುತುಗಳಿವೆ. ಒಂದೇ ಕಂಪನಿಯ ಯಂತ್ರಕ್ಕೆ ಮಾತ್ರ ಹೊಂದುವ ಅಳತೆ, ಕೆಲಸದ ಮೊತ್ತಕ್ಕೆ ಸಂಬಂಧವೇ ಇಲ್ಲದಷ್ಟು ದೊಡ್ಡ ವಹಿವಾಟಿನ ಷರತ್ತು, ಬಿಡ್ ಸಲ್ಲಿಸಲು ತೀರಾ ಕಡಿಮೆ ದಿನ. ನಿಯಮದಲ್ಲಿ ಕನಿಷ್ಠ ಅವಧಿ ಇದೆ. ಅದನ್ನು ಕಡಿಮೆ ಮಾಡಬೇಕಾದರೆ ಮೇಲಧಿಕಾರಿ ಕಾರಣ ಬರೆದಿಡಬೇಕು. ಟೆಂಡರ್ ಕರೆಯದೆ ನೇರವಾಗಿ ಕೆಲಸ ಕೊಟ್ಟಿದ್ದರೆ ‘4(ಜಿ) ವಿನಾಯಿತಿ’ ಎಂಬ ಪದ ಕೇಳಿರುತ್ತೀರಿ. ಅದು ಕಾಯ್ದೆಯಲ್ಲೇ ಇರುವ ಅವಕಾಶ. ಆದರೆ ಸರ್ಕಾರ ಅಧಿಸೂಚನೆ ಹೊರಡಿಸಬೇಕು.

ಆದರೆ ‘ಪರಿಶೀಲನೆ ನಡೆಯುತ್ತಿದೆ, ಮಾಹಿತಿ ಕೊಡಲಾಗದು’ ಎಂದು ಕಚೇರಿಯವರು ಹೇಳಿದ ಮಾತ್ರಕ್ಕೆ ಹಗರಣ ಎನ್ನಬೇಡಿ. ಗುತ್ತಿಗೆ ಯಾರಿಗೆಂದು ಪ್ರಕಟವಾಗುವವರೆಗೆ ಮೌಲ್ಯಮಾಪನ ಗುಟ್ಟಾಗಿರಬೇಕು ಎಂಬುದೇ ನಿಯಮ.

‘ಗ್ರಾಮಸ್ಥರು ಕೆಟಿಪಿಪಿ ಅಪೀಲು ಹಾಕಿ ಟೆಂಡರ್ ರದ್ದು ಮಾಡಿಸಬಹುದು’ ಎಂಬ ಸಂದೇಶವೂ ತಪ್ಪು. ಸೆಕ್ಷನ್ 16ರ ಅಪೀಲು ಬಿಡ್ ಹಾಕಿ ಅಸಮಾಧಾನಗೊಂಡವರಿಗೆ, ಅದೂ 30 ದಿನದೊಳಗೆ. ಉಳಿದವರಿಗೆ ಇರುವ ದಾರಿ ಮಾಹಿತಿ ಹಕ್ಕು ಅರ್ಜಿ, ಗ್ರಾಮಸಭೆ ಮತ್ತು ಜಾಗ, ವಾಸನೆ, ನೀರಿನ ವಿಷಯವಾದರೆ ಮಾಲಿನ್ಯ ನಿಯಂತ್ರಣ ಮಂಡಳಿ.

ಇದಕ್ಕೂ ಮೊದಲು ಮಾಡಬಹುದಾದ ಕೆಲಸ ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಇದೆ. ರಾಜ್ಯದ ಕೆಪಿಪಿಪಿ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರು ಹಾಕಿ ಟೆಂಡರ್ ಹುಡುಕಿ. ದಾಖಲೆ ಸಿಕ್ಕಿದರೆ ಬಿಒಕ್ಯೂ ತೆರೆದು, ಅಗ್ನಿಶಾಮಕ ವ್ಯವಸ್ಥೆ, ತೂಕದ ಸೇತುವೆ, ವಿದ್ಯುತ್ ಸಂಪರ್ಕ ಇವು ಮೂರೂ ಇವೆಯೇ ನೋಡಿ. ಬಿಡ್ ಸಲ್ಲಿಸುವ ಕೊನೆಯ ದಿನದೊಳಗಾದರೆ ತಿದ್ದುಪಡಿ ಹೊರಡಿಸಲು ಅಧಿಕಾರಿಗಳಿಗೆ ಅವಕಾಶವಿರುತ್ತದೆ. ಕಾರ್ಯಾದೇಶ ಕೈಗೆ ಹೋದ ಮೇಲೆ ಅದೇ ಸಾಲು ‘ಹೆಚ್ಚುವರಿ ಕೆಲಸ’ವಾಗಿ ಬರುತ್ತದೆ.